ಇರುವೆಯ ಬಾಣಂತನ

ಮೊನ್ನೆ ಶುಕ್ರವಾರ ಚಪ್ಪಲಿ ಕಪಾಟು ಸ್ವಚ್ಛ ಮಾಡಲು ಕೂತಾಗ ಹಿಂದಿನ ಮೂಲೆಯಲ್ಲಿ ಬೆರಳುದ್ದದ ಒಂದು ಗಾಜಿನ ಟ್ಯೂಬು ಸಿಕ್ಕಿತು. ತಳದಲ್ಲಿ ಹಳದಿಗಟ್ಟಿದ ಹತ್ತಿಯ ಉಂಡೆ, ಗಾಜಿನ ಒಳಮೈಗೆ ಅಂಟಿಕೊಂಡ ಒಂದೆರಡು ರಾಗಿಯ ಸಿಪ್ಪೆ. ನೋಡುವವರಿಗೆ ಅದು ಬರೀ ಕಸ. ನಾನು ಮಾತ್ರ ಅದನ್ನು ಹಿಡಿದುಕೊಂಡು ನೆಲದ ಮೇಲೆಯೇ ಸುಮಾರು ಹೊತ್ತು ಕೂತುಬಿಟ್ಟೆ. ಒಂದು ಚಳಿಗಾಲವಿಡೀ ನನ್ನನ್ನು ಬೆಚ್ಚಿಬೀಳಿಸಿದ ವಸ್ತು ಅದು. ನಲವತ್ತೈದು ದಾಟಿದ ಮೇಲೆ ಮನುಷ್ಯ ಯಾವುದಕ್ಕೂ ಅಷ್ಟಾಗಿ ದಂಗಾಗುವುದಿಲ್ಲ ಎಂದು ನಂಬಿಕೊಂಡಿದ್ದವನು ನಾನು. ಆ ನಂಬಿಕೆಯನ್ನು ಒಂದು ಇರುವೆಯೂ ನನ್ನ ಅಮ್ಮನೂ ಸೇರಿ ಮುರಿದುಹಾಕಿದರು.

ನಾವಿರುವುದು ಕೊಲ್ಲಿ ದೇಶದ ದಮ್ಮಾಮಿನಲ್ಲಿ. ನಾನು ದಿನಾ ಬೆಳಿಗ್ಗೆ ಉಪ್ಪಿನಂಗಡಿಯ ಅಶ್ರಫನ ಕಾರಿನಲ್ಲಿ ಅಬ್ಕೈಕಿನ ತೈಲ ಸ್ಥಾವರಕ್ಕೆ ಹೋಗಿ ಒತ್ತಡ, ಉಷ್ಣತೆ ತೋರಿಸುವ ಮೀಟರುಗಳನ್ನು ಸರಿಮಾಡಿ ಸಂಜೆ ವಾಪಸು ಬರುವವನು. ಹೆಂಡತಿ ರೇಖಾ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್. ಹೋದ ಚಳಿಗಾಲ ಅಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದಳು.

ಅಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಕಾರ್ಕಳದ ಕಡೆಯ ಊರುಗಳಲ್ಲಿ ಅವಳು ನಿವೃತ್ತಿಯವರೆಗೂ ಸರಕಾರಿ ನರ್ಸಮ್ಮ. ಹೆರಿಗೆ ಮಾಡಿಸುವುದು, ಚುಚ್ಚುಮದ್ದು ಹಾಕುವುದು, ಕುಡುಕ ಗಂಡಂದಿರಿಗೆ ಬೈಯುವುದು, ಮೂರೂ ಅವಳ ಡ್ಯೂಟಿ. ನಾನು ಬೆಳೆದದ್ದು ಎರಡು ಕೋಣೆಯ ಆರೋಗ್ಯ ಉಪಕೇಂದ್ರದ ಹಿಂಬದಿಯಲ್ಲಿ. ನಮ್ಮ ಒಲೆಯ ಮೇಲೆ ಒಂದು ಬದಿಯಲ್ಲಿ ಗಂಜಿ, ಇನ್ನೊಂದು ಬದಿಯಲ್ಲಿ ಗಾಜಿನ ಸಿರಿಂಜುಗಳು ಕುದಿಯುತ್ತಿದ್ದವು. ಆಡಲು ಬೇರೆ ಮಕ್ಕಳಿಗೆ ಗೋಲಿ ಇದ್ದ ಹಾಗೆ ನನಗೆ ಮದ್ದಿನ ಬಾಟಲಿಯ ರಬ್ಬರು ಮುಚ್ಚಳಗಳು. ಸ್ಪಿರಿಟ್ಟಿನ ವಾಸನೆ ಬಂದರೆ ನನಗೆ ಇವತ್ತಿಗೂ ಆಸ್ಪತ್ರೆ ನೆನಪಾಗುವುದಿಲ್ಲ, ಅಮ್ಮನ ಸೀರೆಯ ಸೆರಗು ನೆನಪಾಗುತ್ತದೆ. ಆ ಸೆರಗು ಹಿಡಿದುಕೊಂಡರೆ "ಬಿಡು, ಕೈ ತೊಳೆದಿದ್ದೀಯಾ?" ಎಂಬ ಪ್ರಶ್ನೆ ಬರುತ್ತಿತ್ತು ಎಂಬುದು ಬೇರೆ ಮಾತು. ಮುದ್ದು ಮಾಡುವ ಅಮ್ಮ ಅಲ್ಲ ಅವಳು. ಊರಿನ ಎಲ್ಲ ಮಕ್ಕಳನ್ನೂ ಕೈಯಲ್ಲಿ ಹಿಡಿದವಳಿಗೆ ನಾನೂ ಅವರಲ್ಲಿ ಒಬ್ಬ ಎಂದು ನನಗೆ ಅನಿಸುತ್ತಿತ್ತು.

ಇಂಥ ಅಮ್ಮ ನಮ್ಮ ದಮ್ಮಾಮಿನ ಫ್ಲ್ಯಾಟಿಗೆ ಬಂದು ಒಂದು ವಾರ ಸುಮ್ಮನೆ ಕೂತಳು. ಹೊರಗೆ ನಡೆಯಲು ರಸ್ತೆ ಇದೆ, ನಡೆಯುವವರು ಇಲ್ಲ. ಪಕ್ಕದ ಬಾಗಿಲು ಇದೆ, ತೆರೆಯುವುದಿಲ್ಲ. "ಇಲ್ಲಿ ಯಾರಿಗೂ ಎಂತದೂ ಆಗುದೇ ಇಲ್ವಾ?" ಎಂದು ಕೇಳಿದಳು. ಯಾರಿಗಾದರೂ ಜ್ವರವಾದರೂ ಬರಲಿ ಎಂಬ ಆಸೆ ಆ ದನಿಯಲ್ಲಿತ್ತು.

ಅಷ್ಟರಲ್ಲಿ ಮಳೆ ಬಂತು. ಇಲ್ಲಿ ಮಳೆ ಬಂದರೆ ಒಂದು ಗಂಟೆಯಲ್ಲಿ ರಸ್ತೆಯೆಲ್ಲ ಕೆರೆ. ಮಾರನೆಯ ದಿನ ರಜೆ. ಬಿಸಿಲು ಬಿದ್ದ ಮೇಲೆ ನಾನೂ ಅಮ್ಮನೂ ಕಟ್ಟಡದ ಹಿಂದಿನ ಖಾಲಿ ಜಾಗದ ಅಂಚಿನಲ್ಲಿ ನಡೆಯುತ್ತಿದ್ದೆವು. ಒದ್ದೆ ಮರಳಿನ ಮೇಲೆ ಅಮ್ಮ ತಟ್ಟನೆ ಕುಕ್ಕರಗಾಲಿನಲ್ಲಿ ಕೂತಳು. ಮಂಡಿನೋವಿನವಳು ಅಷ್ಟು ಸಲೀಸಾಗಿ ಕೂತದ್ದೇ ನನಗೆ ಮೊದಲ ಆಶ್ಚರ್ಯ.

"ಗೊದ್ದ ನೋಡು," ಎಂದಳು. "ಎಷ್ಟು ದೊಡ್ಡದು."

ಕಪ್ಪಗೆ ಮಿರುಗುವ, ದಪ್ಪ ತಲೆಯ, ಉದ್ದ ರೆಕ್ಕೆಯ ಇರುವೆ. ನಮ್ಮೂರಿನ ಗೊದ್ದದ ಎರಡು ಪಟ್ಟು ಇರಬಹುದು. ಅಮ್ಮ ಅದನ್ನು ಕರವಸ್ತ್ರದಲ್ಲಿ ಹಗುರಾಗಿ ಎತ್ತಿಕೊಂಡು ಮನೆಗೆ ತಂದಳು. ಖರ್ಜೂರದ ಖಾಲಿ ಡಬ್ಬಿಯಲ್ಲಿ ಬಿಟ್ಟೆವು. ನಾನು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದೆ: ಇದು ಕಾಳು ಕೂಡಿಡುವ ಜಾತಿಯ ಇರುವೆ, ರೆಕ್ಕೆ ಇರುವ ಹೆಣ್ಣೆಂದರೆ ರಾಣಿ, ಮಳೆಯ ನಂತರ ಹಾರಿ ಆಕಾಶದಲ್ಲೇ ಕೂಡಿ ಕೆಳಗಿಳಿಯುತ್ತದೆ, ಗಂಡು ಸತ್ತುಹೋಗುತ್ತದೆ, ಆಮೇಲೆ ಇವಳು ಒಬ್ಬಳೇ ನೆಲ ಕೊರೆದು ಹೊಸ ಗೂಡು ಶುರುಮಾಡಬೇಕು.

ಓದಿ ಮುಗಿಸುವಷ್ಟರಲ್ಲಿ ಡಬ್ಬಿಯಲ್ಲಿ ಏನೋ ಆಯಿತು. ಇರುವೆ ತನ್ನ ಹಿಂಗಾಲನ್ನು ರೆಕ್ಕೆಯ ಮೇಲಿಟ್ಟು ಒತ್ತಿತು. ಒಂದು ರೆಕ್ಕೆ ಬುಡದಲ್ಲೇ ಮುರಿದು ಬಿತ್ತು. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಡಬ್ಬಿಯಲ್ಲಿ ನಾಲ್ಕು ರೆಕ್ಕೆಗಳು ಬೇರೆ, ಇರುವೆ ಬೇರೆ. ನಾನೂ ರೇಖಾಳೂ ಬಾಯಿ ತೆರೆದು ನಿಂತಿದ್ದೆವು. ಯಾರೂ ಕಚ್ಚಲಿಲ್ಲ, ಯಾರೂ ಎಳೆಯಲಿಲ್ಲ. ತನ್ನ ರೆಕ್ಕೆಯನ್ನು ತಾನೇ ಮುರಿದುಕೊಂಡಿತು.

"ಮದುವೆ ಆಯ್ತಲ್ಲ, ಇನ್ನು ಹಾರುವ ಕೆಲಸ ಎಂತ ಉಂಟು?" ಎಂದಳು ಅಮ್ಮ.

"ಹಾಗಂತ ಕಿತ್ತು ಬಿಸಾಡುದಾ ಅತ್ತೆ?" ಎಂದಳು ರೇಖಾ.

ಅಮ್ಮ ಬಿದ್ದ ರೆಕ್ಕೆಗಳನ್ನು ಬೆರಳಿನಿಂದ ಬದಿಗೆ ಸರಿಸಿದಳು. "ಇವಳಿಗೆ ಒಂದು ಕತ್ತಲೆ ಕೋಣೆ ಆಗ್ಬೇಕು," ಎಂದಳು.

ಆ ಕ್ಷಣದಿಂದ ಇರುವೆ ನಮ್ಮ ಮನೆಯ ಬಾಣಂತಿಯಾಯಿತು. ಇರುವೆ ಸಾಕುವವರು ಹೇಳುವ ವಿಧಾನ ಸುಲಭ: ಟೆಸ್ಟ್ ಟ್ಯೂಬಿನ ತಳದಲ್ಲಿ ನೀರು, ಅದರ ಮೇಲೆ ಬಿಗಿಯಾಗಿ ಹತ್ತಿ, ನಡುವೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಹತ್ತಿಯ ತೇವವೇ ಅವಳಿಗೆ ನೆಲದೊಳಗಿನ ತಂಪು. ರೇಖಾ ಹೊಸ ಟ್ಯೂಬೊಂದನ್ನು ತಂದಳು. ಹತ್ತಿ ತುಂಬುವ ಕೆಲಸವನ್ನು ಅಮ್ಮ ಯಾರಿಗೂ ಕೊಡಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳ ಕೈ ಹತ್ತಿಯನ್ನು ಹಾಗೆ ಉರುಟಿಸುವುದನ್ನು ನೋಡಿದೆ. ನೀರು ತೊಟ್ಟಿಕ್ಕದಷ್ಟು ಗಟ್ಟಿ, ತೇವ ದಾಟುವಷ್ಟು ಸಡಿಲ. ಟ್ಯೂಬನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಅಲುಗಾಡದ ಜಾಗ ಎಂದು ಚಪ್ಪಲಿ ಕಪಾಟಿನ ಮೇಲಿನ ಅಂತಸ್ತಿನಲ್ಲಿಟ್ಟಳು.

"ಊಟಕ್ಕೆ ಎಂತ ಹಾಕುದು?" ಎಂದು ಕೇಳಿದಳು.

"ಎಂತದೂ ಬೇಡವಂತೆ. ಮೊದಲ ಮಕ್ಕಳು ಹೊರಗೆ ಬರುವವರೆಗೆ ತಿನ್ನುವುದೇ ಇಲ್ಲ. ರೆಕ್ಕೆಯ ಸ್ನಾಯು ಉಂಟಲ್ಲ, ಅದೇ ಒಳಗೆ ಕರಗಿ ಅವಳಿಗೂ ಮಕ್ಕಳಿಗೂ ಆಹಾರ ಆಗುದಂತೆ."

ವಾರಗಟ್ಟಲೆ ಉಪವಾಸ, ಅದೂ ತನ್ನ ಮೈಯನ್ನೇ ತಿಂದುಕೊಂಡು. ಕ್ಯಾಂಟೀನಿನಲ್ಲಿ ಊಟ ಹತ್ತು ನಿಮಿಷ ತಡವಾದರೆ ಅಶ್ರಫನ ಮೇಲೆ ರೇಗುವ ಜಾತಿ ನನ್ನದು.

ನಾಲ್ಕೈದು ದಿನದಲ್ಲಿ ಮೊಟ್ಟೆ ಕಾಣಿಸಿತು. ರವೆಯ ಕಾಳಿನಂಥ ಬಿಳಿ ಚುಕ್ಕೆಗಳು, ಒಂದಕ್ಕೊಂದು ಅಂಟಿಕೊಂಡು ಸಣ್ಣ ಗೊಂಚಲು. ಅಮ್ಮ ವಾರಕ್ಕೊಮ್ಮೆ ಮಾತ್ರ ನೋಡಬಹುದು ಎಂದು ಕಾನೂನು ಮಾಡಿದ್ದಳು. ನಾನು ಕೆಲಸಕ್ಕೆ ಹೊರಡುವಾಗ ಒಮ್ಮೆ, ಬಂದು ಬೂಟು ಬಿಚ್ಚುವಾಗ ಒಮ್ಮೆ ಬಟ್ಟೆ ಸರಿಸಿ ಇಣುಕುತ್ತಿದ್ದೆ. ಒತ್ತಡದ ಮೀಟರು ನೋಡಿ ಬದುಕುವವನಿಗೆ ನೋಡದೆ ಇರುವುದನ್ನು ಕಲಿಸಿದವರು ಯಾರು? ಒಂದು ಸಂಜೆ ಅಶ್ರಫ್ ಚಹಾಕ್ಕೆ ಬಂದಾಗ ಟ್ಯೂಬನ್ನು ಅವನ ಕೈಗೇ ಕೊಟ್ಟೆ.

"ಎಂತ ದಿನೇಶಣ್ಣ, ಬಾಕಿ ಜನ ಇರುವೆ ಓಡಿಸ್ಲಿಕ್ಕೆ ಸ್ಪ್ರೇ ತೆಗೊಳ್ತಾರೆ, ನೀವು ಇಲ್ಲೇ ಇರ್ಲಿಕ್ಕೆ ಇಕಾಮಾ ಮಾಡಿಸಿ ಇಟ್ಟುಕೊಂಡಿದ್ದೀರಾ?" ಎಂದು ಅವನು ನಕ್ಕ. ಟ್ಯೂಬು ಅವನ ಕೈಯಲ್ಲಿ ಅತ್ತಿತ್ತ ಹೊರಳಿತು.

ಮಾರನೆಯ ದಿನ ನನಗೆ ರಜೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಸರಿಸಿ ನೋಡಿದೆ. ಗೊಂಚಲು ಇರಲಿಲ್ಲ. ಒಂದೇ ಒಂದು ಮೊಟ್ಟೆ ರಾಣಿಯ ಬಾಯಲ್ಲಿತ್ತು. ಎಲ್ಲಿಗೋ ಒಯ್ಯುತ್ತಿದೆ ಎಂದುಕೊಂಡೆ. ಒಯ್ಯಲಿಲ್ಲ. ದವಡೆ ಮೆಲ್ಲಗೆ ಆಡಿತು. ಮೊಟ್ಟೆ ಸಣ್ಣದಾಗುತ್ತಾ ಹೋಯಿತು. ಕೊನೆಗೆ ಇಲ್ಲವಾಯಿತು. ರಾಣಿ ಮೀಸೆ ಸವರಿಕೊಂಡಳು.

ಅಬ್ಕೈಕಿನಲ್ಲಿ ಒಮ್ಮೆ ನಮ್ಮ ಪಕ್ಕದಲ್ಲೇ ಪೈಪಿನ ವಾಲ್ವೊಂದು ಸಿಡಿದಾಗಲೂ ನಾನು ಅಷ್ಟು ದಂಗಾಗಿರಲಿಲ್ಲ. ಅಡುಗೆಮನೆಗೆ ಬಂದೆ. ಅಮ್ಮ ನೆಲದ ಮೇಲೆ ಪೇಪರು ಹಾಸಿ ಅಲಸಂಡೆ ಮುರಿಯುತ್ತಿದ್ದಳು.

"ತಿಂದುಹಾಕಿತು," ಎಂದೆ. "ಎಲ್ಲ ಮೊಟ್ಟೆಯನ್ನೂ ಅದೇ ತಿಂದುಹಾಕಿತು. ಇದು ತಾಯಿಯಾ? ತೆಗೆದುಕೊಂಡು ಹೋಗಿ ಹೊರಗೆ ಬಿಸಾಡಿ ಬರ್ತೇನೆ."

ಅಮ್ಮ ತಲೆ ಎತ್ತಲಿಲ್ಲ. "ಹಾಗೆಲ್ಲ ಹೇಳ್ಬೇಡ. ಹೆದರಿರ್ಬೇಕು. ಹೆದರಿದವಳಿಗೆ ಆ ಹೊತ್ತಿಗೆ ಎಂತ ತೋಚ್ತದೋ ನಮಗೆ ಗೊತ್ತಾಗುದಿಲ್ಲ."

"ಎಷ್ಟು ಹೆದರಿದ್ರೂ ತಾಯಿ ಅಂದ್ರೆ ತಾಯಿ ಅಲ್ವಾ?"

ಅಲಸಂಡೆ ಮುರಿಯುವ ಸದ್ದು ನಿಂತಿತು. "ನಿನ್ನ ಮೊದಲಿನದ್ದು ಹೋದಾಗ ನನಗೂ ಜನ ಹೀಗೇ ಹೇಳಿದ್ರು," ಎಂದಳು.

ನನಗೆ ಅರ್ಥವಾಗಲಿಲ್ಲ. "ನನ್ನ ಮೊದಲಿನದ್ದು ಅಂದ್ರೆ?"

"ನಿನಗಿಂತ ಎರಡು ವರ್ಷ ಮೊದಲು ಒಂದು ಹೆಣ್ಣು ಹುಟ್ಟಿತ್ತು."

ಅದನ್ನು ಅವಳು ಹೇಳಿದ ರೀತಿ ಪಕ್ಕದ ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವ ಹಾಗಿತ್ತು. ನಾನು ಅಲ್ಲೇ, ಗ್ಯಾಸ್ ಸಿಲಿಂಡರಿಗೆ ಒರಗಿ ಕೂತೆ. ನನಗೆ ಅಕ್ಕ ಇದ್ದಳು. ಈ ವಯಸ್ಸಿಗೆ, ದಮ್ಮಾಮಿನ ಅಡುಗೆಮನೆಯಲ್ಲಿ, ಅಲಸಂಡೆಯ ಪಕ್ಕ ಕೂತು ನನಗೆ ಗೊತ್ತಾಯಿತು.

ಅಮ್ಮ ಮತ್ತೆ ಮುರಿಯತೊಡಗಿದಳು. ಮುರಿಯುತ್ತಲೇ ಹೇಳಿದಳು. ಮಗು ಚೆನ್ನಾಗಿಯೇ ಹುಟ್ಟಿತ್ತಂತೆ. ಒಂದು ವಾರ ಕಳೆಯುವಷ್ಟರಲ್ಲಿ ಮೈ ಹಳದಿಯಾಗಿ ಹಾಲು ಕುಡಿಯುವುದನ್ನು ನಿಲ್ಲಿಸಿತು. ಅಪ್ಪ ಜೀಪು ಮಾಡಿಕೊಂಡು ಬಂದು ಮಣಿಪಾಲಕ್ಕೆ ಹೊರಟರು. ದಾರಿಯಲ್ಲಿಯೇ ಜೀವ ಹೋಯಿತು. ಊರಿನ ಮಕ್ಕಳನ್ನೆಲ್ಲ ಹಿಡಿದು ಹೊರತಂದವಳು ತನ್ನದನ್ನು ಉಳಿಸಿಕೊಳ್ಳಲಿಲ್ಲ ಎಂದು ಜನ ಎದುರಿಗೇ ಹೇಳಿದರು.

"ಹಾಗೆ ಹೇಳಿದ್ದಕ್ಕೆ ಬೇಜಾರಿಲ್ಲ," ಎಂದಳು ಅಮ್ಮ. "ಆಮೇಲೆ ಹೇಳಿದ್ದಕ್ಕೆ ಬೇಜಾರು. ಇನ್ನೂ ಬಾಣಂತನದ ನೀರು ಮೀಯುತ್ತಿದ್ದೆ, ಆಗ ಕೆಳಗಿನ ಮನೆಯ ವಾರಿಜಳಿಗೆ ನೋವು ಶುರುವಾಯ್ತು. ಬೇರೆ ನರ್ಸ್ ಇಲ್ಲ. ನಾನು ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಹೋದೆ. ಸ್ವಂತದ್ದು ಹೋಗಿ ನಾಲ್ಕು ದಿನ ಆಗ್ಲಿಲ್ಲ, ಇನ್ನೊಬ್ಬರ ಮಗು ಹಿಡಿಲಿಕ್ಕೆ ಹೋದಳು, ಇವಳು ತಾಯಿಯಾ ಅಂತ ಕೇಳಿದ್ರು."

ಪೇಪರಿನಿಂದ ಹೊರಗೆ ಬಿದ್ದ ಅಲಸಂಡೆಯ ಚೂರೊಂದನ್ನು ಹೆಕ್ಕಿ ಒಳಗಿಟ್ಟೆ.

"ವಾರಿಜಳಿಗೆ ಎರಡು ದಿನ ಹಾಲು ಬರ್ಲಿಲ್ಲ. ಮಗು ಕೂಗ್ತಾ ಇತ್ತು. ನನ್ನ ಬಟ್ಟೆ ಒದ್ದೆಯಾಯ್ತು. ಕಟ್ಟು ಬಿಚ್ಚಿ ಕುಡಿಸಿದೆ. ಸುಧಾಕರ ಇದ್ದಾನಲ್ಲ, ಮೀನಿನವ, ಅವನೇ."

ಸುಧಾಕರ ನನಗೆ ಚೆನ್ನಾಗಿ ಗೊತ್ತು. ಸ್ಕೂಟರಿನ ಹಿಂದೆ ಬಂಗುಡೆ, ಬೂತಾಯಿಯ ಬುಟ್ಟಿ ಕಟ್ಟಿಕೊಂಡು ಬರುವವನು. ನಾನು ಊರಿಗೆ ಹೋದಾಗಲೆಲ್ಲ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅಮ್ಮನ ಕೈಯ ಚಹಾ ಕುಡಿದೇ ಮುಂದಿನ ಮನೆಗೆ ಹೋಗುತ್ತಾನೆ. ಅವನು ಅಮ್ಮನ ಹತ್ತಿರ ಸ್ವಲ್ಪ ಹೆಚ್ಚೇ ಸಲಿಗೆ ತೆಗೆದುಕೊಳ್ಳುತ್ತಾನೆ ಎಂದು ನನಗೆ ಒಳಗೊಳಗೇ ಅಸಮಾಧಾನವಿತ್ತು.

"ಅವನಿಗೆ ಗೊತ್ತುಂಟಾ?"

"ಅವನ ತಾಯಿ ಹೇಳಿದ್ದಾಳೆ."

ಮೀನಿನವನಿಗೆ ಗೊತ್ತು, ನನಗೆ ಗೊತ್ತಿಲ್ಲ. "ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅಮ್ಮ ಪೇಪರು ಮಡಚಿ ಎದ್ದಳು. "ಟ್ಯೂಬಿಗೆ ಬಟ್ಟೆ ಮುಚ್ಚಿ ಬಾ. ಇನ್ನು ಹದಿನೈದು ದಿನ ನೀನು ಆ ಬದಿಗೆ ಹೋಗ್ಬೇಡ. ಇನ್ನೊಮ್ಮೆ ಇಡ್ತದೆ ಅದು." ಸಂಜೆ ರೇಖಾ ಬಂದು, "ಎಂತ, ಮುಖ ಹಾಗೆ ಮಾಡಿದ್ದೀರಿ?" ಎಂದಾಗ, "ಇರುವೆ ಮೊಟ್ಟೆ ತಿಂದಿತು," ಎಂದಷ್ಟೇ ಹೇಳಿದೆ. ಉಳಿದದ್ದನ್ನು ಹೇಗೆ ಶುರುಮಾಡುವುದು ಎಂದೇ ಗೊತ್ತಾಗಲಿಲ್ಲ.

ಅಮ್ಮ ಹೇಳಿದಂತೆಯೇ ಆಯಿತು. ರಾಣಿ ಮತ್ತೆ ಇಟ್ಟಳು. ಈ ಸಲ ಕಪಾಟಿನ ಹತ್ತಿರ ಚಪ್ಪಲಿಯನ್ನು ಕೂಡ ಸದ್ದಿಲ್ಲದೆ ಇಡಬೇಕೆಂದು ಆಜ್ಞೆ. ಅಶ್ರಫ್ ಬಂದರೆ ಬಾಗಿಲಲ್ಲೇ ಬೂಟು ಕೈಯಲ್ಲಿ ಹಿಡಿದುಕೊಂಡು, "ನರ್ಸಮ್ಮ, ಡೆಲಿವರಿ ಆಯ್ತಾ?" ಎಂದು ಪಿಸುಗುಟ್ಟುತ್ತಿದ್ದ. ಮೊಟ್ಟೆಗಳು ಹುಳುವಾದವು, ಹುಳುಗಳು ಬಿಳಿಯ ಗೊಂಬೆಗಳಂತೆ ಕೈಕಾಲು ಮಡಚಿ ಮಲಗಿದವು, ಗೊಂಬೆಗಳು ಕಂದು ಬಣ್ಣಕ್ಕೆ ತಿರುಗಿದವು. ಒಂದು ಬೆಳಿಗ್ಗೆ ಅಮ್ಮ ನಮ್ಮಿಬ್ಬರನ್ನೂ ಕೂಗಿದಳು. ಟ್ಯೂಬಿನಲ್ಲಿ ಎಳ್ಳಿಗಿಂತ ಸಣ್ಣ ಇರುವೆಯೊಂದು ತಡವರಿಸುತ್ತಾ ನಡೆಯುತ್ತಿತ್ತು. ರಾಣಿಯ ಪಕ್ಕದಲ್ಲಿ ನಿಂತರೆ ಅದು ಅವಳ ಮಗಳು ಎಂದು ಯಾರೂ ನಂಬಲಾರರು. ಉಪವಾಸದಲ್ಲಿ ಸಾಕಿದ ಮಕ್ಕಳು ಸಣ್ಣಗೇ ಇರುತ್ತವೆ ಎಂದು ಓದಿದ್ದೆ.

"ಇನ್ನು ಊಟ ಹಾಕ್ಬಹುದಲ್ಲ?" ಎಂದಳು ಅಮ್ಮ. "ಸಣ್ಣ ಕಾಳು ಆಗ್ಬೇಕು. ನನ್ನ ಹತ್ತಿರ ಉಂಟು, ನಿಲ್ಲು."

ಕೋಣೆಗೆ ಹೋಗಿ ತನ್ನ ಬಿ.ಪಿ. ಮಾತ್ರೆಗಳ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮುಚ್ಚಳ ತೆಗೆದಳು. ಅದರ ತುಂಬ ಗಸಗಸೆ.

ಈ ದೇಶದಲ್ಲಿ ಕೆಲಸ ಮಾಡುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಇಲ್ಲಿ ಗಸಗಸೆ ಪಾಯಸದ ಸಾಮಾನಲ್ಲ. ಅದು ಅಫೀಮಿನ ಬೀಜ. ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ನೇರ ಜೈಲು. ಊರಿನಿಂದ ಬರುವವರಿಗೆಲ್ಲ ನಾವು ಮೊದಲು ಹೇಳುವ ಮಾತು ಅದೇ. ಅಮ್ಮನಿಗೂ ಹೇಳಿದ್ದೆ. ಅಂದರೆ, ಹೇಳಿದ್ದೇನೆ ಎಂದುಕೊಂಡಿದ್ದೆ. ನನ್ನ ಕಣ್ಣಿನ ಮುಂದೆ ಕಸ್ಟಮ್ಸಿನ ಸಾಲು, ನಾಯಿ, ಅಮ್ಮನ ಮಾತ್ರೆಯ ಚೀಲ, ನನ್ನನ್ನು ಕೆಲಸಕ್ಕಿಟ್ಟ ಕಫೀಲನ ಮುಖ, ಎಲ್ಲ ಒಟ್ಟಿಗೆ ಹಾದುಹೋದವು. ಅವಳು ಇಷ್ಟು ದಿನ ಈ ಡಬ್ಬಿಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳು.

"ಅಮ್ಮ, ಇದನ್ನು ಯಾಕೆ ತಂದೆ?"

"ರೇಖಾಳ ಹುಟ್ಟುಹಬ್ಬಕ್ಕೆ ಪಾಯಸ ಮಾಡುವ ಅಂತ. ಇಲ್ಲಿ ಸಿಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ?"

ಹೌದು, ಅಷ್ಟನ್ನು ಮಾತ್ರ ಹೇಳಿದ್ದೆ. ಯಾಕೆ ಸಿಗುವುದಿಲ್ಲ ಎಂದು ಹೇಳಿರಲಿಲ್ಲ.

ಅಶ್ರಫನಿಗೆ ಫೋನು ಮಾಡಿದೆ. "ಅಶ್ರಫ್, ಅಮ್ಮನ ಹತ್ತಿರ ಗಸ..." ಎನ್ನುವಷ್ಟರಲ್ಲಿ ಅವನು ಫೋನು ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. "ಆ ಹೆಸರು ಫೋನಲ್ಲಿ ಹೇಳ್ತಾರಾ ಮಾರಾಯ್ರೇ? ಎಲ್ಲಿ ಉಂಟು? ಯಲ್ಲಾ, ಬೇಗ." ಮೂವರೂ ಸೇರಿ ಕಕ್ಕಸಿಗೆ ಸುರಿದು ಮತ್ತೆ ಮತ್ತೆ ನೀರು ಬಿಟ್ಟೆವು. ರೇಖಾ ಡಬ್ಬಿಯನ್ನು ಸೋಪು ಹಾಕಿ ತೊಳೆದಳು, ಆಮೇಲೂ ಸಮಾಧಾನವಾಗದೆ ಕುದಿಯುವ ನೀರು ಸುರಿದಳು. ಅಮ್ಮ ಬಾಗಿಲಿಗೆ ಒರಗಿ ನಮ್ಮನ್ನೇ ನೋಡುತ್ತಿದ್ದಳು.

"ಪಾಯಸಕ್ಕೆ ಜೈಲು," ಎಂದಳು ಕೊನೆಗೆ. "ಇಂಥ ಊರಲ್ಲಿ ಎಂತಕ್ಕೆ ಇದ್ದೀರಿ ನೀವು?"

ಅಶ್ರಫ್ ಸೋಫಾದ ಮೇಲೆ ಬಿದ್ದುಕೊಂಡು ನಗತೊಡಗಿದ. ನಾವೂ ನಕ್ಕೆವು. ಇರುವೆಗಳಿಗೆ ಅಮ್ಮ ರಾಗಿಯನ್ನು ಲಟ್ಟಣಿಗೆಯಲ್ಲಿ ಒಡೆದು ಹಾಕಿದಳು. ಸಂಜೆಯ ಹೊತ್ತಿಗೆ ಹೊಸ ಮಗಳು ಒಂದು ಚೂರನ್ನು ಎಳೆದುಕೊಂಡು ಹೋಗಿ ತಾಯಿಯ ಬಾಯಿಯ ಹತ್ತಿರ ಇಟ್ಟಿತು. ಅಷ್ಟು ವಾರಗಳ ಮೇಲೆ ರಾಣಿ ಮೊದಲ ಸಲ ಊಟ ಮಾಡಿದಳು. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಅವಳ ವೀಸಾ ಮುಗಿಯುವಷ್ಟರಲ್ಲಿ ಟ್ಯೂಬು ಕಿಕ್ಕಿರಿದಿತ್ತು. ಈಗ ಅವರೆಲ್ಲ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಪ್ಲಾಸ್ಟರಿನ ಗೂಡಿನೊಳಗೆ ಸಂಸಾರ ಮಾಡುತ್ತಿದ್ದಾರೆ. ಒಂದು ಮೂಲೆಯಲ್ಲಿ ಕಾಳಿನ ಉಗ್ರಾಣ, ಇನ್ನೊಂದು ಮೂಲೆಯಲ್ಲಿ ಸಿಪ್ಪೆಯ ತಿಪ್ಪೆ. ಎಣಿಸಲು ಹೋದರೆ ತಲೆ ತಿರುಗುತ್ತದೆ.

ಅಮ್ಮನನ್ನು ಕಳುಹಿಸಲು ವಿಮಾನ ನಿಲ್ದಾಣಕ್ಕೆ ಹೋದ ದಿನ ಅವಳ ಮಂಡಿನೋವಿಗೆಂದು ಗಾಲಿಕುರ್ಚಿ ಹೇಳಿದ್ದೆವು. ರೇಖಾ ಬ್ಯಾಗುಗಳ ತೂಕ ನೋಡಲು ಮುಂದೆ ಹೋಗಿದ್ದಳು. ಕುರ್ಚಿ ತಳ್ಳುವವನು ಬರುವವರೆಗೆ ನಾನು ಅಮ್ಮನ ಪಕ್ಕ ನಿಂತಿದ್ದೆ. ಕೇಳಬೇಕಾದದ್ದು ಬಹಳ ಇತ್ತು. ಅಡುಗೆಮನೆಯ ಆ ಮಧ್ಯಾಹ್ನದಿಂದ ಪ್ರತಿದಿನ ಬಾಯಿಯವರೆಗೆ ಬಂದು ಹಿಂದೆ ಹೋಗುತ್ತಿತ್ತು. ಆಗಲೂ ಬರಲಿಲ್ಲ. "ಮಾತ್ರೆ ಸರಿಯಾಗಿ ತೆಗೊ," ಎಂದೆ.

"ಹೂಂ," ಎಂದಳು. ಕುರ್ಚಿ ತಳ್ಳುವವನು ಬಂದ. ಅಮ್ಮ ಸೆರಗು ಸರಿಮಾಡಿಕೊಂಡಳು. "ಹೆಸರಿಡುವ ದಿನದವರೆಗೆ ಅದು ಉಳಿಯಲಿಲ್ಲ," ಎಂದಳು. "ನಾನು ಮಾತ್ರ ಹಾಲು ಕುಡಿಸುವಾಗ ಸುಮತಿ ಅಂತ ಕರೀತಿದ್ದೆ. ನಿನ್ನ ಅಪ್ಪನಿಗೂ ಹೇಳಿರಲಿಲ್ಲ."

ಕುರ್ಚಿ ಮುಂದೆ ಉರುಳಿತು. ರೇಖಾ ಓಡಿಬಂದು ಕಾಲು ಮುಟ್ಟಿದಳು. ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, ಆಮೇಲೆ ನನ್ನ ಕಡೆ ಕೈ ಬೀಸಿ ಗಾಜಿನ ಬಾಗಿಲಿನಾಚೆ ಮರೆಯಾದಳು.

ಅಶ್ರಫನಿಂದ ಕೇಳಿ ತಂದಿದ್ದ ಕಾರಿನಲ್ಲಿ ಹಿಂದಿರುಗುವಾಗ ಹೈವೇಯಲ್ಲಿ ತಿರುಗಬೇಕಾದ ಜಾಗ ತಪ್ಪಿಸಿಕೊಂಡೆ.

"ಎಂತ ಆಯ್ತು ನಿಮಗೆ?" ಎಂದಳು ರೇಖಾ. "ಅತ್ತೆ ಹೊರಡುವಾಗ ಎಂತ ಹೇಳಿದ್ರು?"

"ಅಕ್ಕನ ಹೆಸರು ಹೇಳಿದಳು."

"ಯಾರ ಅಕ್ಕ?"

"ನನ್ನ ಅಕ್ಕ. ಸುಮತಿ ಅಂತ."

ಅವಳು ಪೂರ್ತಿ ನನ್ನ ಕಡೆ ತಿರುಗಿ ಕೂತಳು. ಇಷ್ಟು ವರ್ಷ ಸಂಸಾರ ಮಾಡಿದವಳು ಮೊದಲ ಸಲ ನೋಡುವ ಹಾಗೆ ನನ್ನನ್ನು ನೋಡಿದಳು. ನಾನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಕಿಟಕಿಯ ಹೊರಗೆ ಬರೀ ಮರಳು, ದೂರದಲ್ಲಿ ವಿದ್ಯುತ್ ಕಂಬಗಳು.

"ನಿಮಗೆ ಅಕ್ಕ ಇದ್ದಾರಾ?" ಎಂದು ಕೇಳಿದಳು.

"ಹೌದು," ಎಂದೆ. "ನನಗಿಂತ ಎರಡು ವರ್ಷಕ್ಕೆ ದೊಡ್ಡವಳು."